ಬಂದವರನ್ನೆಲ್ಲ ಕರೆದ ಕಿಂಡಿ

ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕುವ ವೆಬ್‌ಸೈಟೊಂದರಲ್ಲಿ, ಫೈಲುಗಳನ್ನು ಒಳಗೆ ಬಿಟ್ಟುಕೊಳ್ಳುವ ಒಂದೇ ಒಂದು ಕಿಂಡಿ ಇತ್ತು. ಅದರಲ್ಲಿ ಒಂದು ಫೈಲಿಗಷ್ಟೇ ಜಾಗ. ಶಿವಲೀಲಾ ಎಂಬ ಹುಡುಗಿಯ ಅಂಕಪಟ್ಟಿ ಅಲ್ಲಿಗೆ ಬಂತು. "ಬಾ, ಕೂತುಕೋ," ಎಂದಿತು ಕಿಂಡಿ. ಹಿಂದೆಯೇ ಅವಳ ಆದಾಯ ಪ್ರಮಾಣಪತ್ರ ಬಂತು. ಕಿಂಡಿ ಅದನ್ನೂ ಬಾ ಎಂದು ಕರೆದು, ಕೂತಿದ್ದ ಅಂಕಪಟ್ಟಿಯನ್ನು ಹೊರಗೆ ತಳ್ಳಿತು. ಕೊನೆಗೆ ಫೋಟೊ ಬಂದಾಗ ಪ್ರಮಾಣಪತ್ರವೂ ಬೀದಿಗೆ ಬಿತ್ತು.

"ಇದ್ಯಾವ ನ್ಯಾಯ?" ಎಂದು ಅಂಕಪಟ್ಟಿ ಕೇಳಿತು.

"ಬಂದವರಿಗೆ ಇಲ್ಲವೆಂದು ನಾನು ಯಾವತ್ತೂ ಹೇಳಿಲ್ಲ. ಹೊಸ ನೀರು ಬಂದರೆ ಹಳೆ ನೀರು ಹೋಗಲೇಬೇಕು," ಎಂದಿತು ಕಿಂಡಿ.

ಅರ್ಜಿ ಸಲ್ಲಿಕೆ ಮುಗಿಯುವ ಹೊತ್ತಾಗಿತ್ತು. ಕಿಂಡಿ ಒಳಗಿದ್ದ ಫೋಟೊಗೆ ಹೇಳಿತು: "ನಿನ್ನ ಜಾಗ ಭದ್ರ. ನೀನು ಸುಮ್ಮನಿರು."

"ಅಂಕವಿಲ್ಲದ ಬರೀ ಮುಖಕ್ಕೆ ಸೀಟು ಕೊಡುವವರು ಯಾರು? ಒಳಗೆ ಹೋದರೆ ಮೂವರೂ ಒಟ್ಟಿಗೇ ಹೋಗುತ್ತೇವೆ," ಎನ್ನುತ್ತ ಫೋಟೊ ತಾನಾಗಿಯೇ ಹೊರಗೆ ಜಿಗಿಯಿತು.

ಮೂರೂ ಒಂದರ ಬೆನ್ನಿಗೆ ಒಂದು ಅಂಟಿಕೊಂಡು, ಒಂದೇ ಪಿಡಿಎಫ್ ಆಗಿ ಕಿಂಡಿಯ ಮುಂದೆ ನಿಂತವು.

"ಎಷ್ಟು ಜನ ಇದ್ದೀರಿ?" ಎಂದು ಕಿಂಡಿ ಗದರಿತು.

"ಒಂದೇ ಫೈಲು," ಎಂದವು ಮೂರೂ.

ಕಿಂಡಿ ಒಂದರ ಅಂಚು ಹಿಡಿದು ಎಳೆದು ನೋಡಿತು. ಮೂರೂ ಜೊತೆಗೇ ಬಂದವು. ಬೇರೆ ದಾರಿ ಕಾಣದೆ ಒಳಗೆ ಬಿಟ್ಟುಕೊಂಡಿತು. ಶಿವಲೀಲಾಳ ಅರ್ಜಿ ಸಲ್ಲಿಕೆಯಾಯಿತು.

"ನೋಡಿದಿರಾ, ಕೊನೆಗೆ ಮೂವರಿಗೂ ನಾನೇ ಜಾಗ ಕೊಟ್ಟೆ," ಎಂದು ಕಿಂಡಿ ಬೀಗಿತು.

"ನೀನು ಕೊಡಲಿಲ್ಲ," ಎಂದಿತು ಅಂಕಪಟ್ಟಿ. "ನಮ್ಮನ್ನು ಬಿಡಿಸುವುದು ನಿನ್ನ ಕೈಲಾಗಲಿಲ್ಲ."