ಮುಚ್ಚಳದ ಕೆಳಗಿನ ಹುಲಿ

"ಗುರುಗಳೇ, ಆಡುವ ಮೊದಲೇ ಆಟದಲ್ಲಿ ಏನೇನಿದೆ ಎಂದು ನೋಡಿಬಿಟ್ಟರೆ ತಪ್ಪೇನು?"

ಕೇಳಿದವನು ತೋಂಟೇಶ. ಮಠದ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದವನು. ಅವನು ಎರಡು ವರ್ಷದಿಂದ ಕಾಯುತ್ತಿದ್ದ ವಿಡಿಯೋ ಗೇಮ್ ಒಂದು ಮರುದಿನ ಬಿಡುಗಡೆಯಾಗುವುದಿತ್ತು. ಅದನ್ನು ಮುಂಚೆಯೇ ಆಡಿದ ಯಾರೋ ಒಬ್ಬರು ಮುಕ್ಕಾಲು ಗಂಟೆಯ ವಿಡಿಯೋ ಮಾಡಿ ಹಾಕಿದ್ದರು. ಯಾವ ಬಾಗಿಲ ಹಿಂದೆ ಯಾರಿದ್ದಾರೆ, ಯಾರು ಸಾಯುತ್ತಾರೆ, ಕೊನೆಗೆ ಏನಾಗುತ್ತದೆ, ಎಲ್ಲವೂ ಅದರಲ್ಲಿತ್ತು. ಗೆಳೆಯನೊಬ್ಬ ಅದನ್ನು ತೋಂಟೇಶನ ಮೊಬೈಲಿಗೆ ಕಳಿಸಿದ್ದ. ಬೆಳಗಿನಿಂದ ಅವನ ಹೆಬ್ಬೆರಳು ಅದರ ಸುತ್ತಲೇ ಸುಳಿದಾಡುತ್ತಿತ್ತು.

ಗುರುಗಳು ಕಡಲೆಕಾಯಿ ಸುಲಿಯುತ್ತ ಕುಳಿತಿದ್ದರು. "ನೋಡಿದರೆ ಏನು ಲಾಭ?" ಎಂದರು.

"ದಾರಿ ತಪ್ಪುವುದಿಲ್ಲ. ಸೋಲುವುದಿಲ್ಲ. ಸಮಯವೂ ಹಾಳಾಗುವುದಿಲ್ಲ."

"ಭಲೇ! ಆಟ ಆಡುವವನಿಗೆ ಸಮಯ ಹಾಳಾಗುವ ಚಿಂತೆ!" ಗುರುಗಳು ನಕ್ಕರು. ಎರಡು ಹಿಡಿ ಕಾಯಿಯನ್ನು ಅವನ ಮುಂದೆ ಸುರಿದರು. "ಕೂತುಕೋ. ಸುಲಿಯುತ್ತ ಕೇಳು."

ಒಂದೂರಿನಲ್ಲಿ ಒಬ್ಬ ಅರಿಶಿನದ ವ್ಯಾಪಾರಿ ಇದ್ದ. ಮೂರು ಹರದಾರಿ ಆಚೆಯ ಹಳ್ಳಿಯಲ್ಲಿ ಅವನ ಗೆಳೆಯ, ಒಬ್ಬ ರೈತ ಇದ್ದ. ಇಬ್ಬರೂ ಒಂದೇ ಜಗಲಿಯ ಮೇಲೆ ಅಕ್ಷರ ತಿದ್ದಿದವರು. ದೊಡ್ಡವರಾದ ಮೇಲೆ ಇವನಿಗೆ ಅಂಗಡಿ, ಅವನಿಗೆ ಹೊಲ. ಕೂತು ಮಾತಾಡಲು ಪುರಸೊತ್ತು ಯಾರಿಗಿದೆ? ಆದರೂ ವರ್ಷಕ್ಕೊಂದು ದಿನ, ಯುಗಾದಿಯ ಮರುದಿನ, ರೈತ ನಡೆದುಕೊಂಡು ಗೆಳೆಯನ ಮನೆಗೆ ಬರುತ್ತಿದ್ದ. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಆಡುತ್ತಿದ್ದರು. ಆ ಒಂದು ದಿನದ ಆಸೆಯಲ್ಲಿ ವ್ಯಾಪಾರಿ ಮಿಕ್ಕ ದಿನಗಳನ್ನೆಲ್ಲ ತಳ್ಳುತ್ತಿದ್ದ ಎಂದರೂ ಸುಳ್ಳಲ್ಲ.

ಆಟವಾದರೂ ಎಂಥ ಆಟ! ಆ ಊರಿನಲ್ಲೊಬ್ಬ ಬಡಗಿ ಇದ್ದ. ಪ್ರತಿ ಯುಗಾದಿಗೂ ಹೊಸದೊಂದು ಮಣೆ ಮಾಡುತ್ತಿದ್ದ. ಮಣೆಯ ಮೇಲೆ ನಲವತ್ತು ಮನೆ. ಒಂದೊಂದು ಮನೆಗೂ ಒಂದು ಮರದ ಮುಚ್ಚಳ. ಕವಡೆ ಹಾಕಬೇಕು, ಬಿದ್ದಷ್ಟು ಮನೆ ಕಾಯಿ ನಡೆಸಬೇಕು. ಎಡಕ್ಕೋ ಬಲಕ್ಕೋ, ಅದು ಆಡುವವರ ಇಷ್ಟ. ನಿಂತ ಮನೆಯ ಮುಚ್ಚಳ ತೆಗೆದರೆ ಒಳಗೊಂದು ಚಿತ್ರ. ದೋಣಿ ಬಂದರೆ ಮೂರು ಮನೆ ಮುಂದೆ. ಕಳ್ಳ ಬಂದರೆ ಮೂರು ಮನೆ ಹಿಂದೆ. ಹುಲಿ ಬಂದರೆ ಕಾಯಿ ಹುಲಿಯ ಪಾಲು. ಬಾವಿ ಬಂದರೆ ನೀರಿನ ಪಾಲು. ಇಬ್ಬರಿಗೂ ಸೇರಿ ಮೂರೇ ಕಾಯಿ. ಮೂರೂ ಹೋದರೆ ಇಬ್ಬರೂ ಸೋತರು. ಮಣೆಯ ನಡುವಿನ ದೊಡ್ಡ ಮುಚ್ಚಳ ತಲುಪಿದರೆ ಇಬ್ಬರೂ ಗೆದ್ದರು. ಒಂದು ವರ್ಷ ಹುಲಿ ಇದ್ದ ಕಡೆ ಮರುವರ್ಷ ಹುಲಿ ಇರುತ್ತಿರಲಿಲ್ಲ. ಎಲ್ಲಿ ಏನಿದೆ ಎಂದು ಇಬ್ಬರಿಗೆ ಮಾತ್ರ ಗೊತ್ತು. ಒಬ್ಬ ಬಡಗಿ, ಇನ್ನೊಬ್ಬ ಮುಚ್ಚಳದಡಿ ಚಿತ್ರ ಬರೆಯುವವನು.

ಗೆಳೆಯರು ಇಪ್ಪತ್ತೆರಡು ವರ್ಷ ಆಡಿದ್ದರು. ಗೆದ್ದದ್ದು ಮೂರೇ ಸಲ. ಅದಕ್ಕಾಗಿ ಯಾರೂ ಅತ್ತದ್ದಿಲ್ಲ. ಹುಲಿ ಕಂಡಾಗ ರೈತ ಹಾಕುವ ಕೂಗಿಗೆ ಸೂರಿನ ಮೇಲಿನ ಕಾಗೆಗಳು ಎದ್ದು ಹಾರುತ್ತಿದ್ದವು. ಅದನ್ನು ನೋಡಿ ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಇಪ್ಪತ್ತೆರಡನೆಯ ವರ್ಷ ಮಾತ್ರ ಒಂದು ಫಜೀತಿಯಾಯಿತು. ನಡುಮುಚ್ಚಳಕ್ಕೆ ಒಂದೇ ಮನೆ ಬಾಕಿ ಇತ್ತು. ಅಲ್ಲಿ ಬಾವಿ! ಉಳಿದಿದ್ದ ಒಂದು ಕಾಯಿಯೂ ಮುಳುಗಿತು. "ಥೂ, ಒಂದೇ ಒಂದು ಮನೆ ಮಾರಾಯ!" ಎಂದು ರೈತ ತೊಡೆ ತಟ್ಟಿಕೊಂಡು ನಕ್ಕು, ವಲ್ಲಿ ಹೆಗಲಿಗೆ ಹಾಕಿಕೊಂಡು ಊರಿಗೆ ಹೋದ. ಹಳ್ಳ ದಾಟುವಷ್ಟರಲ್ಲಿ ಅವನು ಮರೆತಿರಬೇಕು. ವ್ಯಾಪಾರಿ ಮರೆಯಲಿಲ್ಲ. ಪಾಪ, ಅಷ್ಟು ದೂರ ನಡೆದು ಬಂದು ಸೋತು ಹೋಗುತ್ತಾನೆ, ಮುಂದಿನ ಸಲ ಅವನನ್ನು ಗೆಲ್ಲಿಸಿಯೇ ಕಳಿಸಬೇಕು ಎಂದುಕೊಂಡ. ಮನಸ್ಸೇನೋ ಒಳ್ಳೆಯದೇ. ಒಳ್ಳೆಯ ಮನಸ್ಸಿನಿಂದ ಆಗುವಷ್ಟು ಎಡವಟ್ಟು ಕೆಟ್ಟ ಮನಸ್ಸಿನಿಂದಲೂ ಆಗುವುದಿಲ್ಲ, ಬಿಡು.

ಮರುವರ್ಷ ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗ ವ್ಯಾಪಾರಿ ಚಿತ್ರಗಾರನನ್ನು ಊಟಕ್ಕೆ ಕರೆದ. ಹೋಳಿಗೆ ಮಾಡಿಸಿದ. "ಹಬ್ಬಕ್ಕೆ ಮೊದಲೇ ಹೋಳಿಗೆಯೇ?" ಎಂದು ಹೆಂಡತಿ ಮೂಗಿನ ಮೇಲೆ ಬೆರಳಿಟ್ಟಳು. ವ್ಯಾಪಾರಿ ಕೇಳಿಸದವನಂತೆ ಇದ್ದ. ಚಿತ್ರಗಾರ ಕೈಯಲ್ಲಿ ಜಾಣನಾದರೂ ಬಾಯಿಬಡುಕ. ಅವನ ಹೊಟ್ಟೆಯಲ್ಲಿ ಅನ್ನ ನಿಂತೀತು, ಮಾತು ನಿಲ್ಲದು.

"ಒಂದೇ ಒಂದು ಹೇಳು ಸಾಕು. ಹುಲಿ ಎಲ್ಲಿದೆ?" ಎಂದ ವ್ಯಾಪಾರಿ.

ಮೊದಲ ಹೋಳಿಗೆಗೆ ಹುಲಿ ಎಲ್ಲಿದೆ ಎಂದು ತಿಳಿಯಿತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಬೆರಳು ತೋರಿಸಿದರೆ ಹಸ್ತ ನುಂಗಿದ ಹಾಗಾಯಿತು. ಎರಡನೆಯದಕ್ಕೆ ಬಾವಿ, ಮೂರನೆಯದಕ್ಕೆ ಕಳ್ಳರು, ನಾಲ್ಕನೆಯದಕ್ಕೆ ದೋಣಿಗಳು. ಐದನೆಯ ಹೋಳಿಗೆಗೆ ತುಪ್ಪ ಸುರಿಯುವಷ್ಟರಲ್ಲಿ ಉಳಿದ ಚಿತ್ರಗಳೂ ನಡುಮುಚ್ಚಳದ ಗುಟ್ಟೂ ಹೊರಗೆ ಬಂದವು. ಯುಗಾದಿಯ ದಿನ ಎಲ್ಲರೂ ಪಂಚಾಂಗ ಕೇಳುವುದಿಲ್ಲವೇ, ಇದೂ ಹಾಗೇ, ಎಂದು ವ್ಯಾಪಾರಿ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹಿಂದೆಲ್ಲ ಹಬ್ಬ ಹತ್ತಿರ ಬಂದರೆ ವ್ಯಾಪಾರಿಯ ಕೈ ತಕ್ಕಡಿಯಲ್ಲಿ, ಮನಸ್ಸು ಮಣೆಯಲ್ಲಿ ಇರುತ್ತಿತ್ತು. ಬಡಗಿ ಈ ಸಲ ಏನು ಮಾಡಿರಬಹುದು, ಹುಲಿಯನ್ನು ಎಲ್ಲಿ ಅಡಗಿಸಿರಬಹುದು ಎಂದು ಯೋಚಿಸುತ್ತ ಅರ್ಧ ಸೇರು ಕೇಳಿದವರಿಗೆ ಒಂದು ಸೇರು ತೂಗಿ ಕೊಡುತ್ತಿದ್ದ. ಊರಿನ ಹೆಂಗಸರು ಅದೇ ವಾರ ನೋಡಿಕೊಂಡು ಅರಿಶಿನ ಕೊಳ್ಳಲು ಬರುತ್ತಿದ್ದರು. ಈ ಸಲ ತೂಕ ಕರಾರುವಾಕ್ಕು. ಹೊತ್ತಿಗೆ ಸರಿಯಾಗಿ ಊಟ, ಮಲಗಿದರೆ ಗೊರಕೆ. ಹೆಂಡತಿ ಅವನ ಹಣೆ ಮುಟ್ಟಿ ನೋಡಿ, "ಮೈ ಹುಷಾರಿದೆ ತಾನೇ?" ಎಂದು ಕೇಳಿದಳು.

ಯುಗಾದಿಯ ಮರುದಿನ ರೈತ ಬಂದ. ತಲೆಯ ಮೇಲೆ ಒಂದು ಬುಟ್ಟಿ ಸೌತೆಕಾಯಿ. ಕಾಲು ತೊಳೆದುಕೊಂಡವನೇ ಮಣೆಯ ಮುಂದೆ ಕೂತ. "ಬೇಗ ಹಾಕಯ್ಯಾ ಕವಡೆ. ದಾರಿಯುದ್ದಕ್ಕೂ ಇದೇ ಯೋಚನೆ!"

ಆಡಿದರು. ವ್ಯಾಪಾರಿ ಎಡಕ್ಕೆ ಎಂದರೆ ದೋಣಿ. ಬಲಕ್ಕೆ ಎಂದರೆ ಮತ್ತೊಂದು ದೋಣಿ. ಕಳ್ಳನಿಲ್ಲ, ಬಾವಿಯಿಲ್ಲ. "ಇವತ್ತು ನಿನ್ನ ನಾಲಗೆಯ ಮೇಲೆ ದೇವರೇ ಕೂತಿದ್ದಾನೆ ಕಣಯ್ಯಾ!" ಎಂದು ರೈತ ಬೆರಗಾದ. ಒಂದು ಮುಚ್ಚಳದಡಿ ಹಲಸಿನ ಮರ ಹತ್ತಿ ಇಳಿಯಲಾಗದೆ ಕೂತ ಡೊಳ್ಳುಹೊಟ್ಟೆಯವನ ಚಿತ್ರವಿತ್ತು. ರೈತ ಬಿದ್ದು ಬಿದ್ದು ನಕ್ಕ. ವ್ಯಾಪಾರಿಯೂ ನಕ್ಕ. ಆದರೆ ಗೆಳೆಯ ನಗುವುದನ್ನು ನೋಡಿಕೊಂಡು, ಆಮೇಲೆ ನಕ್ಕ. ನಗಬೇಕಾದ ಹೊತ್ತನ್ನು ಹೀಗೆ ಕಾದು ನಗುವುದು ಎಷ್ಟು ಬೇಸರದ ಕೆಲಸ ಎಂದು ಅವನಿಗೆ ಆಗಲೇ ಅನ್ನಿಸತೊಡಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕವಡೆ ನಾಲ್ಕು ಬಿತ್ತು. "ಎಡಕ್ಕೆ" ಎಂದ ವ್ಯಾಪಾರಿ. "ಬೆಳಗಿನಿಂದ ನಿನ್ನದೇ ಆಯಿತು. ಈ ಸಲ ನನ್ನ ಮಾತು ನಡೆಯಲಿ, ಬಲಕ್ಕೆ" ಎಂದ ರೈತ. ಬೇಡ ಎನ್ನಲು ವ್ಯಾಪಾರಿಗೆ ಕಾರಣ ಸಿಗಲಿಲ್ಲ. ರೈತ ಕಾಯಿ ನಡೆಸಿ ನಿಲ್ಲಿಸಿದ. ಮುಚ್ಚಳಕ್ಕೆ ಕೈ ಹಾಕಿದ.

"ಅಯ್ಯಯ್ಯಪ್ಪೋ, ಹುಲಿ!" ಎಂದು ವ್ಯಾಪಾರಿ ಎದೆ ಹಿಡಿದುಕೊಂಡು ಹಿಂದಕ್ಕೆ ಜಿಗಿದ.

ಮುಚ್ಚಳ ಇನ್ನೂ ತೆರೆದಿರಲಿಲ್ಲ.

ರೈತ ಅವನನ್ನು ನೋಡಿದ. ಮೆಲ್ಲಗೆ ಮುಚ್ಚಳ ತೆಗೆದ. ಹುಲಿ ಹಲ್ಲು ಕಿರಿದುಕೊಂಡು ಕೂತಿತ್ತು. ರೈತ ಕೂಗಲಿಲ್ಲ. ಸೂರಿನ ಕಾಗೆಗಳು ಕೂತಲ್ಲೇ ಕೂತಿದ್ದವು.

"ಮುಚ್ಚಳ ನನ್ನ ಕೈಯಲ್ಲಿ. ಹುಲಿ ನಿನ್ನ ಕಣ್ಣಿಗೆ ಹೇಗೆ ಬಿತ್ತು?" ಎಂದ.

ವ್ಯಾಪಾರಿ ಎಲ್ಲವನ್ನೂ ಹೇಳಿದ. ಹೋಳಿಗೆಯ ಲೆಕ್ಕವನ್ನೂ ಬಿಡಲಿಲ್ಲ. "ನೀನು ಗೆಲ್ಲಲಿ ಅಂತ ಮಾಡಿದೆ ಕಣೋ" ಎಂದ.

"ನಾನು ಗೆಲ್ಲುವುದಕ್ಕೆ ಬರುತ್ತೇನೆ ಅಂತ ನಿನಗೆ ಯಾರು ಹೇಳಿದರು?" ಎಂದ ರೈತ. "ಮೂರು ಹರದಾರಿ ನಡೆದು ಬರುವುದು ನಿನ್ನ ಜೊತೆ ಕೂತು ಹೆದರುವುದಕ್ಕೆ. ಇವತ್ತು ಬೆಳಗಿನಿಂದ ನಾನೊಬ್ಬನೇ ಆಡಿದೆ."

ರೈತ ಅನ್ನಕ್ಕೆ ಅವಮಾನ ಮಾಡುವವನಲ್ಲ. ಕೂತು ಊಟ ಮಾಡಿದ. ಆದರೆ ಪ್ರತಿ ವರ್ಷ ದೀಪ ಹಚ್ಚುವ ಹೊತ್ತಿಗೆ ಹೊರಡುತ್ತಿದ್ದವನು ಆ ದಿನ ಸುಡುಬಿಸಿಲಿನಲ್ಲೇ ಹೊರಟ. ವ್ಯಾಪಾರಿ ಮಣೆಯ ಮುಂದೆ ಒಬ್ಬನೇ ಕೂತ. ನಡುಮುಚ್ಚಳ ತೆರೆಯದೆ ಉಳಿದಿತ್ತು. ತೆರೆಯಬೇಕು ಎನ್ನಿಸಲೇ ಇಲ್ಲ. ಅದರ ಕೆಳಗೆ ಏನಿದೆಯೆಂದು ಗೊತ್ತಿತ್ತಲ್ಲ. ಅವನಿಗೆ ಅಳು ಬಂತು.

ಮರುದಿನವೇ ಬಡಗಿಯ ಬಳಿಗೆ ಓಡಿದ. "ಇನ್ನೊಂದು ಮಣೆ ಮಾಡಿಕೊಡಪ್ಪ. ಕೇಳಿದ್ದು ಕೊಡುತ್ತೇನೆ."

"ಮರ ಬೇಕಾದರೆ ಇವತ್ತೇ ಕಡಿಯಬಹುದು ಯಜಮಾನರೇ. ಹುಲಿಗೆ ಹೊಸ ಜಾಗ ಹೊಳೆಯಲು ನನಗೆ ಒಂದು ವರ್ಷ ಬೇಕು" ಎಂದ ಬಡಗಿ.

ವ್ಯಾಪಾರಿ ವರ್ಷವಿಡೀ ಕಾದ. ರೈತ ನಾಲ್ಕಾರು ಸಲ ಸಂತೆಗೆ ಬಂದು ಹೋದ, ಅಂಗಡಿಯ ಕಡೆ ಸುಳಿಯಲಿಲ್ಲ. ಬರುವ ಯುಗಾದಿಗೆ ಅವನು ಬರುತ್ತಾನೋ ಇಲ್ಲವೋ, ಕೇಳಿ ಕಳಿಸಲು ವ್ಯಾಪಾರಿಗೆ ಮುಖವಿರಲಿಲ್ಲ.

ಹಬ್ಬಕ್ಕೆ ಮೂರು ದಿನವಿತ್ತು. ಸಂತೆಯ ದಿನ. ಜನ ಕಿಕ್ಕಿರಿದಿದ್ದರು. ಹಳೆಯ ಹೋಳಿಗೆಯ ರುಚಿ ಕಂಡ ಚಿತ್ರಗಾರ ಕರೆಯದೆಯೇ ಅಂಗಡಿಗೆ ಬಂದ. ಅರಿಶಿನದ ಮೂಟೆಗೆ ಒರಗಿ ನಿಂತು, "ಯಜಮಾನರೇ, ಈ ಸಲ ಏಳನೆಯ ಮನೆಯಲ್ಲಿ ಏನು ಬರೆದಿದ್ದೇನೆ ಗೊತ್ತೇ? ಕಪ್ಪಗೆ, ಇಷ್ಟುದ್ದ..." ಎಂದು ಶುರು ಮಾಡಿದ.

ವ್ಯಾಪಾರಿ ತಕ್ಕಡಿ ಬಿಸಾಕಿದ. ಎರಡೂ ಕಿವಿಗೆ ಬೆರಳು ತುರುಕಿಕೊಂಡ. "ಹದಿಮೂರೊಂದ್ಲ ಹದಿಮೂರು! ಹದಿಮೂರೆರಡ್ಲ ಇಪ್ಪತ್ತಾರು!" ಎಂದು ಗಂಟಲು ಹರಿಯುವಂತೆ ಮಗ್ಗಿ ಕೂಗುತ್ತ ಬೀದಿಗೆ ಹಾರಿದ. ಚಿತ್ರಗಾರ ಬಿಡಬೇಕಲ್ಲ! "ನಿಲ್ಲಿ ಯಜಮಾನರೇ, ಚೆನ್ನಾಗಿದೆ ಕೇಳಿ!" ಎಂದು ಹಿಂದೆಯೇ ಓಡಿದ. ಸೊಪ್ಪಿನವಳ ಬುಟ್ಟಿ ಉರುಳಿತು. ಬಳೆಗಾರ ಗೋಡೆಗೆ ಅಂಟಿಕೊಂಡ. ಊರಿಗೆ ಊರೇ ಅರಿಶಿನದ ಯಜಮಾನನಿಗೆ ತಲೆ ಕೆಟ್ಟಿತು ಎಂದಿತು. ಹದಿಮೂರೇಳ್ಲ ಎಷ್ಟೆಂದು ನೆನಪಾಗದೆ ವ್ಯಾಪಾರಿ ಮತ್ತೆ ಮೊದಲಿನಿಂದ ಹಿಡಿದ. ಹಿಡಿದವನು ಎದುರಿಗೆ ಬರುತ್ತಿದ್ದ ಒಬ್ಬನಿಗೆ ಡಿಕ್ಕಿ ಹೊಡೆದು ನಿಂತ.

ಎದುರಿಗಿದ್ದವನು ರೈತ.

ರೈತ ಗೆಳೆಯನ ಕಿವಿಯಲ್ಲಿದ್ದ ಬೆರಳು ನೋಡಿದ. ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಚಿತ್ರಗಾರನನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಮೊದಲು ತುಟಿ ಬಿಗಿಹಿಡಿದ. ಆಗಲಿಲ್ಲ. ನಡುಬೀದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಎದ್ದು ವ್ಯಾಪಾರಿಯ ಕೈಯನ್ನು ಕಿವಿಯಿಂದ ಎಳೆದು ತೆಗೆದು, "ಹಬ್ಬದ ಮರುದಿನ ಬರುತ್ತೇನೆ. ಅಲ್ಲಿಯವರೆಗೆ ಮಗ್ಗಿ ಬಿಡಬೇಡ" ಎಂದ.

ಅಂದಂತೆಯೇ ಬಂದ. ಕೂತರು. ಮೂರನೆಯ ಮನೆಯಲ್ಲೇ ಹುಲಿ! ಇಬ್ಬರೂ ಒಟ್ಟಿಗೆ ಹಾಕಿದ ಕೂಗಿಗೆ ಕಾಗೆಗಳು ಹಾರಿದವು. ವ್ಯಾಪಾರಿಯ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದಳು. ಏಳನೆಯ ಮನೆಯಲ್ಲಿದ್ದ ಕಪ್ಪನೆಯದು ಎರಡನೆಯ ಕಾಯಿಯನ್ನು ನುಂಗಿತು. ಉಳಿದ ಒಂದೇ ಕಾಯಿಯನ್ನು ಇಬ್ಬರೂ ಉಸಿರು ಬಿಗಿಹಿಡಿದು ನಡೆಸಿದರು. ಎಡವೋ ಬಲವೋ ಎಂದು ಜಗಳವಾಡಿದರು. ಊಟಕ್ಕೆ ಏಳಿ ಎಂದರೆ ಏಳಲಿಲ್ಲ. ಸಂಜೆಯಾಗುವಾಗ ಕಾಯಿ ನಡುಮುಚ್ಚಳದ ಎದುರಿಗೆ ಬಂದು ನಿಂತಿತು.

"ನೀನು ತೆಗೆ" ಎಂದ ವ್ಯಾಪಾರಿ.

"ಇಲ್ಲ, ನೀನೇ ತೆಗೆ" ಎಂದ ರೈತ.

ಕೊನೆಗೆ ಇಬ್ಬರೂ ಒಟ್ಟಿಗೆ ಕೈ ಇಟ್ಟರು. ಮುಚ್ಚಳ ಎತ್ತಿದರು. ನೋಡಿದರು.

ಗುರುಗಳು ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ಒಂದು ಕಡಲೆಕಾಯಿ ಒಡೆದು ಬೀಜವನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

ತೋಂಟೇಶ ಸುಲಿಯುವುದನ್ನು ಯಾವಾಗಲೋ ನಿಲ್ಲಿಸಿದ್ದ. ಸರಿದು ಸರಿದು ಗುರುಗಳ ಮಂಡಿಗೆ ತಾಗುವಷ್ಟು ಹತ್ತಿರ ಬಂದಿದ್ದ. "ಏನಿತ್ತು ಗುರುಗಳೇ? ಮುಚ್ಚಳದ ಕೆಳಗೆ ಏನಿತ್ತು?" ಎಂದು ಕೇಳಿದ.

"ಈಗ ನಿನ್ನ ಕಣ್ಣಲ್ಲಿ ಕುಣಿಯುತ್ತಿದೆಯಲ್ಲ ತೋಂಟೇಶ, ಆ ವ್ಯಾಪಾರಿ ಹೋಳಿಗೆ ಬಡಿಸಿ ಕಳೆದುಕೊಂಡದ್ದು ಅದನ್ನೇ."