ಫಕೀರಪ್ಪ ಮಾದಲಿ ಮಾಡಿದ್ದು

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನ ಅಜ್ಜಿಗೂ ಇನ್ನೂ ಹಾಲುಹಲ್ಲು ಇದ್ದ ಕಾಲದಲ್ಲಿ, ಒಂದೂರಲ್ಲಿ ಫಕೀರಪ್ಪ ಅಂತ ಒಬ್ಬ ಇದ್ದನಂತೆ. ಅವನ ಹೆಂಡತಿ ಗುರವ್ವ. ಮೂರು ಜನ ಮಕ್ಕಳು, ಮೂರು ಜನ ಸೊಸೆಯಂದಿರು, ಕೊಟ್ಟಿಗೇಲಿ ಎತ್ತು, ಹಿತ್ತಲಲ್ಲಿ ಬಾಳೆ, ಎಲ್ಲಾ ಇತ್ತಂತೆ. ಇಲ್ಲದ್ದು ಒಂದೇ, ಫಕೀರಪ್ಪನ ಬಾಯಿಗೆ ಬೀಗ. ಏ ಕೂಸೇ, ನಗಬೇಡ, ಕಣ್ಣು ಮುಚ್ಚಿ ಕೇಳು.

ಈ ಗುರವ್ವ ಜವೆಗೋಧಿ ಮಾದಲಿ ಮಾಡಿದ್ರೆ ಊರಿಗೆಲ್ಲಾ ಘಮ ಅಂತಿತ್ತಂತೆ. ಮಾದಲಿ ಗೊತ್ತಲ್ಲ, ದಪ್ಪ ರೊಟ್ಟಿ ಬೇಯಿಸಿ, ಕುಟ್ಟಿ ಪುಡಿ ಮಾಡಿ, ಬೆಲ್ಲ ಏಲಕ್ಕಿ ಬೆರೆಸಿ, ಬಾಳೆಹಣ್ಣು ಕಿವುಚಿ, ಹಾಲು ತುಪ್ಪ ಸುರಿದು ತಿನ್ನೋದು. ಒಂದಿನ ಬೀಗರು ಬಂದವರು ತಿಂದು ತಿಂದು, ಏನು ರುಚಿ, ಏನು ರುಚಿ ಅಂದ್ರಂತೆ. ಗುರವ್ವನ ಮುಖ ಅರಳಿತು. ಅಷ್ಟರಲ್ಲಿ ಫಕೀರಪ್ಪ ಮೀಸೆ ತಿರುವಿ, ಅದರಾಗ ಏನೈತ್ರೀ ಮಹಾ, ನಾಕು ರೊಟ್ಟಿ ಕುಟ್ಟಿ ಬೆಲ್ಲ ಕಲಸಿದ್ರ ಆತು, ಕಣ್ಣು ಕಟ್ಟಿಕೊಂಡು ನಾನೂ ಮಾಡ್ತೀನಿ, ಅಂದುಬಿಟ್ಟನಂತೆ.

ಗುರವ್ವ ಜಗಳ ಆಡಲಿಲ್ಲ. ಬೀಗರಿಗೆ ಎಲೆ ಅಡಿಕೆ ಕೊಟ್ಟು ಕಳಿಸಿ, ಆಮೇಲೆ ಬಟ್ಟೆ ಗಂಟು ಕಟ್ಟಿಕೊಂಡು, ಹಳ್ಳದ ಆಚೆ ಅಣ್ಣನ ಊರಿಗೆ ಹೊರಟೇಬಿಟ್ಟಳಂತೆ. ಹೊಸ್ತಿಲಲ್ಲಿ ನಿಂತು, ಹಂಗಾದ್ರ ನೀವೇ ಮಾಡಿ ತರ್ರಿ, ಸೊಸೆಯಂದಿರು ಕೈ ಹಚ್ಚಿದ್ರ, ಹೇಳಿಕೊಟ್ರ ನನ್ನ ಮ್ಯಾಲೆ ಆಣೆ, ಅದು ನನ್ನ ಗಂಟಲಾಗ ಇಳಿದ ದಿನ ಬರ್ತೀನಿ, ಅಂದಳಂತೆ.

ಹೋದ್ರೆ ಹೋಗ್ಲಿ ಅಂತ ಫಕೀರಪ್ಪ ಉಣ್ಣೋಕೆ ಕೂತ. ಎದುರಿಗೆ ಅವಳಿಲ್ಲ. ಉಪ್ಪು ಜಾಸ್ತಿ ಅಂತ ಯಾರಿಗೆ ಹೇಳೋದು? ತುತ್ತು ಇಳೀಲೇ ಇಲ್ಲವಂತೆ, ಪಾಪ.

ಆಮೇಲೆ ಮಾರನೇ ದಿನ ಕಾಳು ತುಂಬಿಡೋ ದೊಡ್ಡ ಮಣ್ಣಿನ ಗುಡಾಣದಿಂದ ಗೋಧಿ ತೆಗೆದು, ಸೀದಾ ಬೀಸಿ, ರೊಟ್ಟಿ ಮಾಡಿ, ಮಾದಲಿ ಕಲಸಿ ಹೊತ್ತುಕೊಂಡು ಹೋದನಂತೆ. ಅಯ್ಯೋ, ಜವೆಗೋಧಿ ಒಕ್ಕಿದ್ರೂ ಸಿಪ್ಪೆ ಬಿಡೋದಿಲ್ಲ ಕಣೇ! ನೀರು ಚಿಮುಕಿಸಿ ಒರಳಲ್ಲಿ ಕುಟ್ಟಬೇಕು, ಕೇರಬೇಕು. ಗುರವ್ವ ಒಂದು ತುತ್ತು ಬಾಯಿಗಿಟ್ಟು ಕೆಮ್ಮಿ ಕೆಮ್ಮಿ, ಕುಟ್ಟಿಲ್ಲ, ಕೇರಿಲ್ಲ, ಇದನ್ನ ನಿಮ್ಮ ಎತ್ತಿಗೆ ಹಾಕ್ರಿ ಅಂದಳಂತೆ. ಎತ್ತು ಮಾತ್ರ ಪಾತ್ರೆ ಸಮೇತ ನೆಕ್ಕಿತಂತೆ.

ಎರಡನೇ ಸಲ ಕುಟ್ಟಿದ, ಕೇರಿದ, ಬೀಸಿದ. ಸೊಸೆಯಂದಿರು ಬಾಗಿಲ ಹಿಂದೆ ನಿಂತು ಸೆರಗು ಬಾಯಿಗಿಟ್ಟುಕೊಂಡು ಕಿಸಿಕಿಸಿ ನಗೋರಂತೆ, ಆದ್ರೆ ಅತ್ತೆ ಆಣೆ, ತುಟಿ ಬಿಚ್ಚೋ ಹಾಗಿಲ್ಲ. ಇವನು ರೊಟ್ಟಿ ಬೇಯಿಸಿ, ಸ್ವಲ್ಪ ಬೆನ್ನು ನೆಟ್ಟಗೆ ಮಾಡ್ಕೊಳ್ಳೋಣ ಅಂತ ಒರಗಿದವನು ನಿದ್ದೆ ಹೋದ. ಬಿಸಿ ಇದ್ದಾಗಲೇ ಕುಟ್ಟಬೇಕಿತ್ತು, ಆರಿದ ಮೇಲೆ ಕುಟ್ಟಿದ್ರೆ ಏನಾಗುತ್ತೆ, ಬರೀ ಚೂರು. ಉಳಿದ ಬೆಲ್ಲ ಅಷ್ಟೂ ಸುರಿದು ತಗೊಂಡು ಹೋದ. ಗುರವ್ವ ಕಟಕ್ ಅಂತ ಕಚ್ಚಿ, ಆರಿದ ರೊಟ್ಟಿ ಕುಟ್ಟೀರೇನು, ಇರೋವು ಎಂಟು ಹಲ್ಲು, ಅವನ್ನೂ ಉದುರಿಸ್ತೀರೇನು ಅಂತ ವಾಪಸ್ ಕಳಿಸಿದಳಂತೆ.

ಆಮೇಲೆ ಮೂರನೇ ಸಲ. ಅಷ್ಟೊತ್ತಿಗೆ ಎಂಟು ದಿನ ಆಗಿತ್ತು. ಬೆಲ್ಲದ ಗಡಿಗೆ ಖಾಲಿ, ಸಂತೆ ಇನ್ನೂ ದೂರ, ಹಿತ್ತಲಲ್ಲಿ ಇರೋದೆಲ್ಲಾ ಹಸಿರು ಬಾಳೆಕಾಯಿ. ಇನ್ನು ಅವಳು ಬರೋದಿಲ್ಲ ಅಂತ ಫಕೀರಪ್ಪನ ಎದೆ ಕುಸೀತು. ಆದ್ರೂ ಗೋಧಿ ತೆಗೆಯೋಣ ಅಂತ ಗುಡಾಣದೊಳಗೆ ಭುಜದ ತನಕ ಕೈ ಹಾಕಿದ್ರೆ, ಏನೋ ಮೆತ್ತಗೆ! ಇಲಿ, ಇಲಿ ಅಂತ ಕಿರುಚಿ ಮಾರು ದೂರ ಹಾರಿದನಂತೆ.

ಇಲಿ ಅಲ್ಲ. ಒಂದು ಚಿಪ್ಪು ಬಾಳೆಹಣ್ಣು, ಗೋಧಿ ಕಾವಿಗೆ ಮಾಗಿ, ಮೈತುಂಬಾ ಕಪ್ಪು ಚುಕ್ಕಿ, ಅವನು ಆಸೆಪಟ್ಟು ತಿನ್ನೋದೂ ಅಂಥದ್ದೇ. ಆಗ ನೆನಪಾಯ್ತಂತೆ. ಬೀಗರು ಬಂದ ದಿನ ಬೆಳಿಗ್ಗೆ ಗುರವ್ವ ಇದೇ ಗುಡಾಣದಲ್ಲಿ ಕೈ ಹಾಕಿ ಏನೋ ಹೂಳ್ತಿದ್ದಳು, ಏನು ಕೆದಕ್ತಿ ಅಂತ ಇವನು ಗದರಿದ್ದ. ಬೀಗರು ಎಲ್ಲಾ ತಿಂದು ಹೋದ್ರೂ ಗಂಡನಿಗೆ ಅಂತ ಹಣ್ಣಿಗೆ ಹಾಕಿದ್ದಳು ಅವಳು. ಅದೇ ಮಧ್ಯಾಹ್ನ ಇವನು ನಾಲ್ಕು ಜನರ ಮುಂದೆ ಅವಳನ್ನ ಹಗುರ ಮಾಡಿದ್ದ. ಫಕೀರಪ್ಪ ಗುಡಾಣ ಹಿಡಿದು ಅಲ್ಲೇ ಕೂತು ಅತ್ತುಬಿಟ್ಟನಂತೆ.

ಆಮೇಲೆ ಎದ್ದು, ಕುಟ್ಟಿ, ಕೇರಿ, ಬೀಸಿ, ರೊಟ್ಟಿ ಬೇಯಿಸಿ, ಬೆರಳು ಸುಟ್ಟರೂ ಬಿಡದೆ ಬಿಸಿಬಿಸಿ ಇದ್ದಾಗಲೇ ಪುಡಿ ಮಾಡಿ, ಜರಡಿ ಹಿಡಿದು, ಆ ಹಣ್ಣು ಕಿವುಚಿ ಕಲಸಿ, ಹಳ್ಳ ದಾಟಿ ಓಡಿದನಂತೆ. ಗುರವ್ವನ ಮುಂದೆ ಬಟ್ಟಲಿಟ್ಟು, ಇದು ನಂದಲ್ಲ, ನೀ ಇಟ್ಟ ಹಣ್ಣು, ನೀ ಕಲಿಸಿದ ಕೆಲಸ, ನಾ ಹೊತ್ತು ತಂದೀನಿ ಅಷ್ಟ, ನಾ ಆಡಿದ್ದು ತಪ್ಪಾತು, ಅಂದನಂತೆ, ಅಣ್ಣ ಅತ್ತಿಗೆ ಎಲ್ಲರ ಎದುರಿಗೇ.

ಗುರವ್ವ ಒಂದು ತುತ್ತು ತಿಂದಳು. ಬೆಲ್ಲ ಇಲ್ಲ, ಒಂದು ಕಡೆ ಸೀದೈತಿ, ಅಂದಳು. ಇನ್ನೊಂದು ತುತ್ತು ತಿಂದಳು. ಆಮೇಲೆ ಮೂರನೇದು, ಕಣ್ಣು ಒರೆಸಿಕೊಂಡು ತಿಂದಳಂತೆ. ಅತ್ತಿಗೆ ಒಳಗಿಂದ ಅವಳ ಬಟ್ಟೆ ಗಂಟು ತಂದು ಫಕೀರಪ್ಪನ ಕೈಗೆ ಕೊಟ್ಟು, ನೋಡ್ರಿ ಅಣ್ಣಾರ, ಎಂಟು ದಿನದಿಂದ ನನ್ನ ಸೀರೀನ ಉಟ್ಟಾಳ, ಈ ಗಂಟು ಬಂದ ದಿನ ಹೆಂಗ ಕಟ್ಟಿತ್ತೋ ಹಂಗ ಐತಿ, ಒಮ್ಮೆನೂ ಬಿಚ್ಚಿಲ್ಲ, ಅಂದಳಂತೆ.

ಫಕೀರಪ್ಪ ಆ ಗಂಟನ್ನ ತಲೆ ಮೇಲೆ ಹೊತ್ತುಕೊಂಡು ಮುಂದೆ, ಗುರವ್ವ ಖಾಲಿ ಬಟ್ಟಲು ಹಿಡಿದು ಹಿಂದೆ, ಇಬ್ಬರೂ ಹಳ್ಳ ದಾಟಿ ಮನೆಗೆ ಬಂದರಂತೆ. ಬಟ್ಟಲಲ್ಲಿ ಚೂರೂ ಉಳಿದಿರಲಿಲ್ಲ, ಕತೇನೂ ಮುಗೀತು, ಇನ್ನು ಮಲಗು ನನ್ನ ಬಂಗಾರ.