ಹಾಲೇಶ ಮೋಡೆಮಿನ ಕಿವಿಯಲ್ಲಿ ಹೇಳಿದ ಹೆಸರು

ಗುಡ್ಡದ ಮಗ್ಗುಲಲ್ಲಿ ಒಂದು ಊರು. ಆ ಊರಿಗೆ ಬಿಸಿಲು ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಮೊಬೈಲ್ ಸಿಗ್ನಲ್ ಅಂತೂ ಗುಡ್ಡ ಹತ್ತಿ ಇಳಿಯುವುದೇ ಇಲ್ಲ. ಆ ಊರಲ್ಲಿ ಒಬ್ಬಳು ತಾಯಿ, ಒಬ್ಬ ಮಗ. ತಾಯಿ ಕೊಟ್ರಮ್ಮ, ಮಗ ಹಾಲೇಶ. ಇಪ್ಪತ್ತಾರರ ಪ್ರಾಯ, ಇಬ್ಬರ ಕೆಲಸ ಒಬ್ಬನೇ ಮಾಡುವ ಮೈ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ. ಅಂಥವನನ್ನು ಲೋಕ ಪೆದ್ದ ಅನ್ನುತ್ತದೆ. ನಾನೂ ಅನ್ನುತ್ತೇನೆ. ಆದರೆ ನನಗೆ ಅವನ ಮೇಲೆ ಬಲು ಪ್ರೀತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಾಲೇಶನಿಗೆ ಒಬ್ಬಳೇ ತಂಗಿ, ನೀಲಾ. ಗಂಡ ರೈಲ್ವೆಯವನು, ಅಸ್ಸಾಮಿನ ಯಾವುದೋ ಸ್ಟೇಶನ್ನಿನ ಕ್ವಾರ್ಟರ್ಸಿನಲ್ಲಿ ಸಂಸಾರ. ಅಲ್ಲೇ ಹೆರಿಗೆಯಾಯಿತು, ಹೆಣ್ಣುಮಗು. ಬಾಣಂತನಕ್ಕೆ ಹೊರಟು ನಿಂತಿದ್ದ ಕೊಟ್ರಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮಂಚ ಹಿಡಿದಳು. ಬರುವ ಸೋಮವಾರ ಮಗುವಿಗೆ ಹೆಸರಿಡುವ ದಿನ. ಅಲ್ಲಿ ತೊಟ್ಟಿಲ ಹಾಡು ಬಲ್ಲವರು ಒಬ್ಬರೂ ಇಲ್ಲ. ಕಂಪ್ಯೂಟರಿನ ಪರದೆಯಲ್ಲಿ ಮೊಮ್ಮಗಳ ಮುಖ ನೋಡುತ್ತ ತಾನೇ ಹಾಡಬೇಕು ಅಂತ ಕೊಟ್ರಮ್ಮ ಆಸೆ ಕಟ್ಟಿಕೊಂಡಿದ್ದಳು. ಅವತ್ತೇ ಮೊದಲು ನೋಡುವುದು ಅಂತ ಮಗುವಿನ ಮುಖ ಅವಳಿನ್ನೂ ಕಂಡಿರಲಿಲ್ಲ. ಅಷ್ಟರಲ್ಲಿ, ಗುರುವಾರ ಬೆಳಿಗ್ಗೆ, ಮೋಡೆಮ್ ಕೈಕೊಟ್ಟಿತು.

ಫೋನಿನ ತಂತಿಯಲ್ಲೇ ಇಂಟರ್ನೆಟ್ ಇಳಿಸಿಕೊಡುವ ಪುಟ್ಟ ಪೆಟ್ಟಿಗೆ ಅದು. ಅದರ ಹಸಿರು ದೀಪಗಳಲ್ಲಿ ಒಂದು ಆರಿಹೋಗಿತ್ತು. ಫೋನು ಮಾತ್ರ ಚೆನ್ನಾಗಿಯೇ ಇತ್ತು. ಕೊಟ್ರಮ್ಮ ತಾಲ್ಲೂಕಿನ ಟೆಲಿಫೋನ್ ಆಫೀಸಿಗೆ ಫೋನ್ ಮಾಡಿದಳು. ಪೆಟ್ಟಿಗೆ ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ, ಹಸಿರು ದೀಪ ಬರುವ ತನಕ ನೋಡುತ್ತಿರಿ ಅಂದರು. ಅದನ್ನೇ ಕೊಟ್ರಮ್ಮ ಮಗನಿಗೆ ಹೇಳಿದಳು.

ಹಾಲೇಶ ಆರಿಸಿದ, ಹಾಕಿದ, ಎದುರಿಗೆ ಕೂತ, ನೋಡಿದ. ದೀಪ ಬರಲಿಲ್ಲ. ಇವನು ಏಳಲಿಲ್ಲ. ಉಳಿದ ದೀಪಗಳು ಮಿನುಗುತ್ತಿದ್ದವು, ಆರುತ್ತಿದ್ದವು, ಮಲಗಿದ ಕೂಸು ಉಸಿರಾಡಿದ ಹಾಗೆ. ನೋಡುತ್ತ ನೋಡುತ್ತ ಹಾಲೇಶನ ಕಣ್ಣಿನೊಳಗೆ ಒಂದು ರೈಲು ಹೊರಟಿತು. ನೀಲಾಳನ್ನು ಕರೆದೊಯ್ದ ರೈಲು. ಗಾರ್ಡು ಹಸಿರು ದೀಪ ತೋರಿಸಿದ್ದಕ್ಕೇ ಅಲ್ಲವೇ ಅದು ಹೊರಟದ್ದು? ಹಸಿರು ದೀಪ ಬಂದರೆ ತಿರುಗಿ ಬಂದರೂ ಬಂದೀತು. ಒಲೆಯ ಮೇಲೆ ಹಾಲು ಉಕ್ಕಿತು, ಕೋಳಿ ಒಳಗೆ ಬಂದು ಅಕ್ಕಿ ತಿಂದಿತು, ತಾಯಿ ಮಂಚದಿಂದ ನೀರು ನೀರು ಅಂತ ಕೂಗಿ ಗಂಟಲು ಒಣಗಿಸಿಕೊಂಡಳು. ಹಾಲೇಶ ನೋಡುತ್ತಲೇ ಇದ್ದ, ಸಂಜೆಯಾಯಿತು.

ಕೊಟ್ರಮ್ಮ ಹಣೆ ಚಚ್ಚಿಕೊಂಡಳು.

"ಕೆಟ್ಟಿದ್ದನ್ನ ನೋಡ್ಕಂತ ಕುಂತ್ರೆ ಸರಿ ಆಕ್ಕತೇನಪ್ಪ? ನಾಳೆ ಕಿತ್ಕಂಡು ಆಫೀಸಿಗೆ ತಗಂಡು ಹೋಗು. ಅದಕ್ಕೆ ಸೇರಿದ್ದನ್ನೆಲ್ಲ ತಗಂಡು ಹೋಗು, ಒಂದೂ ಬಿಡಬ್ಯಾಡ."

ಅವಳ ಮನಸ್ಸಿನಲ್ಲಿದ್ದದ್ದು ಕರೆಂಟಿನ ಅಡಾಪ್ಟರು, ಒಂದು ಮೊಳ ವೈರು. ಹಾಲೇಶ ಶುಕ್ರವಾರ ಬೆಳಗಾಗುವುದಕ್ಕೆ ಮುಂಚೆಯೇ ಎದ್ದ. ಮೋಡೆಮ್ ತೆಗೆದುಕೊಂಡ. ಅದರ ಕೆಳಗಿದ್ದ ಸ್ಟೂಲು ತೆಗೆದುಕೊಂಡ. ಸ್ಟೂಲಿನ ಮೇಲಿನ ಕ್ರೋಶಾ ಬಟ್ಟೆ, ಧೂಳು ಕೂರದಿರಲೆಂದು ತಾಯಿ ಕುಪ್ಪಸದ ಕಣದ ಬಟ್ಟೆಯಲ್ಲಿ ಹೊಲಿದ ಗವಸು, ಆಯುಧಪೂಜೆಯಲ್ಲಿ ಹಾಕಿದ ಒಣಗಿದ ಹಾರ, ಎಲ್ಲ ತೆಗೆದುಕೊಂಡ. ಆಮೇಲೆ ವೈರು. ವೈರು ಗೋಡೆಗೆ ಹೋಗಿತ್ತು, ಇವನೂ ಹೋದ. ವೈರು ಗೋಡೆಯಿಂದ ಆಚೆ ಹೋಗಿತ್ತು, ಇವನೂ ಆಚೆ ಹೋದ. ಅದು ಬೇವಿನ ಮರ ಹತ್ತಿತ್ತು, ಇವನೂ ಹತ್ತಿದ. ಅದು ಬೀದಿಯ ಕಂಬದ ತನಕ ಹೋಗಿತ್ತು. ಸೇರಿದ್ದನ್ನೆಲ್ಲ ಅಂದಿದ್ದಾಳೆ, ಬಿಡುವ ಹಾಗಿಲ್ಲ. ಸುರುಳಿ ಸುತ್ತಿ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ. ಕಂಡಕ್ಟರು ಪಾಪ, ಸ್ಟೂಲಿಗೂ ಒಂದು ಸೀಟು ಬಿಟ್ಟುಕೊಟ್ಟ.

ಆಫೀಸಿನಲ್ಲಿ ಲೈನ್‌ಮ್ಯಾನ್ ಮರುಳಪ್ಪ ಇದ್ದ. ಮೊದಲು ಮೋಡೆಮ್ ನೋಡಿದ, ಆಮೇಲೆ ಗವಸು ನೋಡಿದ. ಕುಪ್ಪಸ ತೊಡಿಸಿ ಉಸಿರುಗಟ್ಟಿಸಿದ್ದೀರಿ, ಒಳಗೆ ಕಾದು ಸುಟ್ಟುಹೋಗಿದೆ, ಬೇರೆಯದೇ ಹಾಕಬೇಕು ಅಂದ. ಕೊನೆಗೆ ಹಾಲೇಶನ ಹೆಗಲ ಮೇಲಿನ ಸುರುಳಿ ನೋಡಿದ. ಎದ್ದು ಬಂದು ಅದನ್ನು ಕೆಳಗಿಳಿಸಿಕೊಂಡ.

"ಗ್ವಾಡಿಯಿಂದ ಒಳಗೆ ಇರೋದು ನಿಮ್ದು. ಆಚೆ ಇರೋದು ನಮ್ದು ಕಣಪ್ಪ. ಆಚೆ ಇರೋದ್ನ ನೀನು ಮುಟ್ಟಾಕೆ ಹೋಗಬ್ಯಾಡ."

ಹಾಲೇಶ ಅದನ್ನು ಬಾಯಿಪಾಠ ಮಾಡುತ್ತ ಊರಿಗೆ ಬಂದ. ಈಗ ಮನೆಯಲ್ಲಿ ಇಂಟರ್ನೆಟ್ಟೂ ಇಲ್ಲ, ಫೋನೂ ಇಲ್ಲ. ಕೊಟ್ರಮ್ಮ ಬೈಯಲಿಲ್ಲ, ಅತ್ತಳು. ಅಲ್ಲಿ ಮಗಳು ಕರೆದು ಕರೆದು ಸಾಕಾಗುತ್ತಾಳೆ, ಇತ್ತ ಫೋನಿನ ಗಂಟೆಯೂ ಆಗುವುದಿಲ್ಲ. ಶನಿವಾರವೆಲ್ಲ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಡು ಮಾತ್ರ ತುಟಿಯ ಮೇಲೆ ತಾನಾಗಿ ಬರುತ್ತಿತ್ತು, ಹೋಗುತ್ತಿತ್ತು.

ಭಾನುವಾರ ಮರುಳಪ್ಪ ಬಂದ. ರಜೆಯ ದಿನ, ಆದರೂ ಬಂದ. ಹೊಸ ಮೋಡೆಮ್ ತಂದ. ಕಂಬದಿಂದ ತಂತಿ ಎಳೆದು, ಹೊರಗೋಡೆಗೆ ಏಣಿ ಒರಗಿಸಿ ಹತ್ತಿದ. ಅರ್ಧ ಹತ್ತಿದ್ದಾನೆ, ಏಣಿ ಜಾರತೊಡಗಿತು. ಹಿಡಿಯೋ ಅಂತ ಕೂಗಿದ. ಕಿಟಕಿಯ ಒಳಗಿನಿಂದ ಹಾಲೇಶ ಎಲ್ಲ ನೋಡುತ್ತಿದ್ದ. ಎರಡೂ ಕೈ ಕಟ್ಟಿಕೊಂಡು, ಅದು ಗೋಡೆಯಿಂದ ಆಚೆ ಇದೆ, ಮುಟ್ಟುವ ಹಾಗಿಲ್ಲ ಅಂತ ಬಲು ವಿನಯದಿಂದ ಹೇಳಿದ. ಏಣಿ ಬಿತ್ತು. ಮರುಳಪ್ಪ ಬೇವಿನ ಕೊಂಬೆ ಹಿಡಿದು ಜೋತಾಡಿ, ಕಾಂಡ ತಬ್ಬಿ, ಮೈಯೆಲ್ಲ ತರಚಿಕೊಂಡು ಇಳಿದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನರಿದ್ದಾರೆ. ನಮ್ಮ ಹಾಲೇಶ ಹಗ್ಗ ಹಿಡಿದು ಕಟ್ಟಿಯೇ ಬರುವವನು. ಮರುಳಪ್ಪನಿಗೆ ಅದು ಆಗ ಅರ್ಥವಾಯಿತು. ಏಣಿಯನ್ನು ತಾನೇ ಎತ್ತಿ ನಿಲ್ಲಿಸಿ ತಂತಿ ಒಳಗೆ ತಂದು, ಮೋಡೆಮನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಫೋನಿಗೊಂದು ವೈರು, ಇದಕ್ಕೊಂದು ವೈರು ಚುಚ್ಚಿ, ಹಸಿರು ದೀಪ ನಿಂತ ಮೇಲೆ ಹಾಲೇಶನನ್ನು ಪಕ್ಕಕ್ಕೆ ಕೂರಿಸಿಕೊಂಡು ಸಮಾಧಾನದಿಂದ ಹೇಳಿದ.

"ನೋಡಪ್ಪ, ಪರದೆ ಅಂದ್ರೆ ಬರೀ ಕನ್ನಡಿ ಇದ್ದಂಗೆ. ಮಾತು, ಹಾಡು, ಮುಖ, ಎಲ್ಲ ಹೋಗೋದೂ ಬರೋದೂ ಈ ಪೆಟಿಗ್ಯಾಗೆ. ಇದ್ನ ಚೆಂದಾಗಿ ನೋಡ್ಕ, ಸಾಕು."

ಹಾಲೇಶ ತಲೆಯಾಡಿಸಿದ.

ಸೋಮವಾರ ಬೆಳಿಗ್ಗೆ ಪರದೆ ಬೆಳಗಿತು. ಅಲ್ಲಿ ಒಂದು ತೊಟ್ಟಿಲು, ತೊಟ್ಟಿಲ ಸುತ್ತ ಅಸ್ಸಾಮಿನ ನಾಲ್ಕಾರು ಹೆಂಗಸರು, ನಡುವೆ ನೀಲಾ. ನೀಲಾ ಮಗುವನ್ನು ಹತ್ತಿರ ತಂದಳು. ಕೊಟ್ರಮ್ಮ ಕಾಲಿನ ನೋವು ಮರೆತಳು, ನಾಲ್ಕು ದಿನದ ಸಂಕಟ ಮರೆತಳು. ಮುಷ್ಟಿ ಬಿಗಿಹಿಡಿದು ಮಲಗಿದ ಆ ಕೆಂಪು ಮುಖವನ್ನೇ ನೋಡುತ್ತ ಹಾಡಿದಳು. ಅಲ್ಲಿಯ ಹೆಂಗಸರಿಗೆ ಒಂದು ಮಾತೂ ತಿಳಿಯದು, ಆದರೂ ಹಾಡಿನ ತೂಗಾಟಕ್ಕೆ ಅವರ ತಲೆಗಳು ತೂಗಿದವು, ತೊಟ್ಟಿಲು ತೂಗಿತು. ಇಲ್ಲಿ ಬೇವಿನ ನೆರಳು ಗೋಡೆಯ ಮೇಲೆ ತೂಗಿತು. ಎಲ್ಲರಿಗೂ ಕಣ್ಣು ಎಳೆಯುವ ಹಾಗೆ ಆಯಿತು.

ಹಾಡು ಮುಗಿಯಿತು. ಅವರ ಮನೆತನದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವನು ಸೋದರಮಾವ. ನೀಲಾ ಪರದೆಯೊಳಗಿಂದ ಅಂದಳು, "ಅಣ್ಣಾ, ನಿನ್ನ ಮನಸಿನಾಗೆ ಯಾವ ಹೆಸರೈತೋ ಅದ್ನೇ ಹೇಳು. ನಮಗೆಲ್ಲ ಒಪ್ಪಿಗೆ."

ಕೊಟ್ರಮ್ಮ ಮಗನ ತೋಳು ಹಿಡಿದು ಹತ್ತಿರ ಎಳೆದಳು. ಬುದ್ಧಿ ಹೇಳದೆ ಬಿಡುವುದುಂಟೇ?

"ಮೆಲ್ಲಕೆ ಹೇಳಪ್ಪ, ಮೂರೇ ಸಲ. ಕೂಸಿನ ಕಿವಿಗೆ ಬೀಳೋಕಿಂತ ಮೊದ್ಲು ಇನ್ನೊಬ್ಬರ ಕಿವಿಗೆ ಬೀಳಬಾರದು."

ನೀಲಾ ಮಗುವಿನ ಕಿವಿಯನ್ನು ಸ್ಪೀಕರಿನ ಹತ್ತಿರ ಹಿಡಿದಳು. ಹಾಲೇಶ ಎದ್ದ. ಪರದೆ ಬರೀ ಕನ್ನಡಿ, ಅದಕ್ಕೆ ಹೇಳಿ ಏನು ಬಂತು? ನೇರ ಕಿಟಕಿಯ ಕಟ್ಟೆಗೆ ಹೋದ. ಮೋಡೆಮಿನ ಸಣ್ಣ ಸೀಳುಗಳಿಗೆ ಬಾಯಿಟ್ಟು, ಕೈ ಅಡ್ಡ ಹಿಡಿದು, ಉಸಿರಿನಷ್ಟು ಮೆಲ್ಲಗೆ ಮೂರು ಸಲ ಹೆಸರು ಹೇಳಿದ. ಬಂದು ತಾಯಿಯ ಪಕ್ಕ ನಿಂತ.

ಅಲ್ಲಿ ಎಲ್ಲರೂ ಕಾದರು. ಏನೂ ಕೇಳಿಸಲಿಲ್ಲ ಅಂದಳು ನೀಲಾ. ಇನ್ನೊಂದು ಸಲ ಹೇಳು ಅಂದಳು ಕೊಟ್ರಮ್ಮ. ಮೂರೇ ಸಲ ಅಂದಿದ್ದಿ, ಮುಗಿಯಿತು ಅಂದ ಹಾಲೇಶ. ನನಗಾದರೂ ಹೇಳೋ ಅಂತ ತಾಯಿ ಗೋಗರೆದಳು.

"ಕೂಸಿಗಿಂತ ಮೊದ್ಲು ನಿನಗೆ ಹೆಂಗ ಹೇಳ್ಲಿ? ಅಸ್ಸಾಮು ದೂರ ಐತವ್ವ. ಹೆಸರು ಇನ್ನಾ ಹಾದಿಯಾಗೈತಿ."

ಅಷ್ಟು ದೂರದ ಹೆಂಗಸರು, ಇಷ್ಟು ಹತ್ತಿರದ ತಾಯಿ, ಎಲ್ಲರೂ ಸುಮ್ಮನೆ ಕೂತರು. ಯಾಕೆ ಕೂತರೋ ಅವರಿಗೇ ಗೊತ್ತಿಲ್ಲ. ಬಯಲು, ಹೊಳೆ, ಸೇತುವೆ ದಾಟಿ ಒಂದು ಪುಟ್ಟ ಹೆಸರು ನಡೆದುಬರುತ್ತಿದೆಯೇನೋ ಅನ್ನುವ ಹಾಗೆ ಕೂತರು. ಎಷ್ಟೋ ಹೊತ್ತಾದ ಮೇಲೆ ಮಗು ನಿದ್ದೆಯಲ್ಲಿ ತುಟಿ ಅರಳಿಸಿ ನಕ್ಕಿತು.

"ಮುಟ್ತು," ಅಂದ ಹಾಲೇಶ. ಇನ್ನು ಯಾರ ಭಯ? ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೆಸರು ಹೇಳಿದ. "ನೀಲಾ."

ಅದು ತಾಯಿಯ ಹೆಸರಲ್ಲವೇನೋ, ತಾಯಿ ಮಗಳಿಗೆ ಒಂದೇ ಹೆಸರು ಇಡುತ್ತಾರೇನೋ ಅಂತ ಕೊಟ್ರಮ್ಮ ಹಣೆಗೆ ಕೈ ಎತ್ತಿದಳು. ಹಾಲೇಶನಿಗೆ ಆಶ್ಚರ್ಯವಾಯಿತು. ಮನಸ್ಸಿನಲ್ಲಿರುವ ಹೆಸರು ಹೇಳು ಅಂದಿದ್ದರು, ಹೇಳಿದೆ; ಅಲ್ಲಿ ಅದೊಂದೇ ಇತ್ತು ಅಂದ. ಎತ್ತಿದ ಕೈ ಹಾಗೇ ನಿಂತಿತು. ಪರದೆಯೊಳಗೆ ನೀಲಾ ನಕ್ಕಳು, ನಗುತ್ತ ನಗುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಆ ಹೆಸರನ್ನು ಬದಲಿಸೋಣ ಅಂತ ಯಾರೂ ಅನ್ನಲಿಲ್ಲ. ಇವತ್ತಿಗೂ ಅಸ್ಸಾಮಿನ ಆ ಕ್ವಾರ್ಟರ್ಸಿನಲ್ಲಿ ನೀಲಾ ಅಂತ ಒಮ್ಮೆ ಕರೆದರೆ ಇಬ್ಬರು ಓ ಅನ್ನುತ್ತಾರೆ.